ಮಗ ಲಿವಿಂಗ್ ಟ್ರಸ್ಟ್ ಮಾಡಿಸು ಅನ್ನುತ್ತಾನೆ. ಶಿರಸಿಯ ಅಡಿಕೆ ತೋಟಕ್ಕೆ ಅದು ಆಗುತ್ತದಾ?

ಬೇಣದಮನೆ (ಶಿರಸಿ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನನಗೆ 68 ವರ್ಷ. ಶಿರಸಿ ಪೇಟೆಯಿಂದ 14 ಕಿಲೋಮೀಟರ್ ಒಳಗೆ ನಮ್ಮ ಊರು. 2 ಎಕರೆ 10 ಗುಂಟೆ ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ, ಹಳೇ ಹಂಚಿನ ಮನೆ, ಸೊಸೈಟಿಯಲ್ಲಿ ಒಂದಿಷ್ಟು ಠೇವಣಿ. ಇಷ್ಟೇ ನಮ್ಮ ಆಸ್ತಿ. ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ, ಅಲ್ಲಿಯ ಪೌರತ್ವವನ್ನೂ ತೆಗೆದುಕೊಂಡಿದ್ದಾನೆ. ಮಗಳು ಹುಬ್ಬಳ್ಳಿಯಲ್ಲಿ. ತಮ್ಮ ನಮ್ಮ ಜೊತೆಗೇ ಇದ್ದಾನೆ.

ಹೋದ ಭಾನುವಾರ ಅಂಗಳದಲ್ಲಿ ಚಾಲಿ (ಒಣಗಿಸಿದ ಅಡಿಕೆ) ಹರವುತ್ತಿದ್ದೆ. ಮಗನ ವಿಡಿಯೋ ಕಾಲ್ ಬಂತು. ಒಂದು ದಪ್ಪ ನೀಲಿ ಫೈಲನ್ನು ಕ್ಯಾಮೆರಾಕ್ಕೆ ಹಿಡಿದ. "ಅಪ್ಪಯ್ಯ, ನಾವು ಲಿವಿಂಗ್ ಟ್ರಸ್ಟ್ ಮಾಡಿಸಿದೆವು. ಮನೆ, ಬ್ಯಾಂಕ್ ಖಾತೆ ಎಲ್ಲ ಅದರ ಹೆಸರಿಗೆ. ನಾಳೆ ನಮಗೇನಾದರೂ ಆದರೆ ಮಕ್ಕಳು ಕೋರ್ಟ್ ಮೆಟ್ಟಿಲು ಹತ್ತಬೇಕಾಗಿಲ್ಲ. ನೀವೂ ಒಂದು ಮಾಡಿಸಿಬಿಡಿ" ಅಂದ. ಹಿಂದೆ ನಿಂತಿದ್ದ ನನ್ನ ಹೆಂಡತಿ ಕೇಳಿದಳು, "ಟ್ರಸ್ಟ್ ಅಂದ್ರೆ ದೇವಸ್ಥಾನಕ್ಕೆ ಮಾಡ್ತಾರಲ್ಲ, ಅದೇನಾ? ತೋಟ ದೇವರಿಗೆ ಬರೆದು ಕೊಡೋದಾ?" ಮಗ ನಕ್ಕ. ನನಗೂ ಸರಿಯಾಗಿ ಗೊತ್ತಿಲ್ಲದ ಕಾರಣ ನಾನು ನಗಲಿಲ್ಲ.

ನನ್ನ ಹೆದರಿಕೆ ಬೇರೆ. ಅಪ್ಪಯ್ಯ 1998ರಲ್ಲಿ ತೀರಿಕೊಂಡ. ಒಂದು ಸಾಲೂ ಬರೆದಿಟ್ಟಿರಲಿಲ್ಲ. ಮರುವರ್ಷ ಇಬ್ಬರು ಅಕ್ಕಂದಿರು ಊರಿಗೆ ಬಂದಾಗ ಶಾನುಭೋಗರ ಎದುರು ಖಾತೆ ಬದಲಿಸಲು ವರ್ದಿ ಕೊಟ್ಟೆವು. ಅಕ್ಕಂದಿರು ಒಂದು ಬಿಳಿ ಹಾಳೆಗೆ ಸಹಿ ಹಾಕಿದರು. ಖಾತೆ ಆಯಿ (ನಮ್ಮ ಅಮ್ಮ), ನಾನು, ತಮ್ಮ, ಮೂವರ ಹೆಸರಿಗೆ ಬಂತು. ಆಯಿ 2014ರಲ್ಲಿ ಹೋದಳು. ಅವಳ ಹೆಸರು ತೆಗೆಸಲು ಪೌತಿ ಅರ್ಜಿ ಕೊಟ್ಟೆ. ಆರು ಸಲ ಓಡಾಡಿದೆ. ಏಳನೇ ಸಲ ಹೋದಾಗ "ನಿಮ್ಮ ಫೈಲು ಸಿಗುತ್ತಿಲ್ಲ, ಹೊಸದಾಗಿ ಕೊಡಿ" ಅಂದರು. ಅವತ್ತು ಬಿಟ್ಟದ್ದು ಬಿಟ್ಟೇಬಿಟ್ಟೆ. ತಪ್ಪು ನನ್ನದೇ. ಇವತ್ತಿಗೂ ಪಹಣಿ ತೆಗೆದರೆ ಮೊದಲು ಕಾಣುವುದು ಆಯಿಯ ಹೆಸರು.

ನನ್ನ ಮಕ್ಕಳಿಗೆ ಈ ಓಡಾಟ ಬೇಡ. ಟ್ರಸ್ಟ್ ಮಾಡಿದರೆ ಇದೆಲ್ಲ ತಪ್ಪುತ್ತದಾ? ಎಲ್ಲಿ ಮಾಡಿಸಬೇಕು? ಗೊತ್ತಿದ್ದವರು ತಿಳಿಸಿ.

ಬೇ ಏರಿಯಾ ಮಾಣಿ:

ಮಾವಾ, ನಾನು ಯಲ್ಲಾಪುರದ ಕಡೆಯವನು, ಈಗ ನಿಮ್ಮ ಮಗನ ರಾಜ್ಯದಲ್ಲೇ ಇದ್ದೇನೆ. ನಮ್ಮ ಮನೆಯಲ್ಲೂ ಅದೇ ನೀಲಿ ಫೈಲು ಇದೆ. ಅವನು ಹೇಳಿದ್ದು ಅವನಿಗೆ ಸರಿ. ಯಾಕೆ ಅಂತ ಹೇಳುತ್ತೇನೆ.

ಇಲ್ಲಿ ಮನೆ ಒಬ್ಬರ ಹೆಸರಲ್ಲೇ ಇದ್ದು ಅವರು ತೀರಿಕೊಂಡರೆ, ವಿಲ್ ಇದ್ದರೂ ಅದು ಸಾಮಾನ್ಯವಾಗಿ ಪ್ರೊಬೇಟ್ ಅನ್ನುವ ಕೋರ್ಟ್ ಕೆಲಸಕ್ಕೆ ಹೋಗುತ್ತದೆ. ವರ್ಷಕ್ಕಿಂತ ಜಾಸ್ತಿ ಹಿಡಿಯುವುದೂ ಉಂಟು. ಕ್ಯಾಲಿಫೋರ್ನಿಯಾದಲ್ಲಿ ವಕೀಲರ ಫೀಸನ್ನು ಕಾನೂನೇ ಗೊತ್ತು ಮಾಡಿದೆ. ಮೊದಲ 1 ಲಕ್ಷ ಡಾಲರಿಗೆ ಶೇ. 4, ಮುಂದಿನ 1 ಲಕ್ಷಕ್ಕೆ ಶೇ. 3, ಅದರ ಮೇಲಿನ 8 ಲಕ್ಷಕ್ಕೆ ಶೇ. 2. ಅಂದರೆ 10 ಲಕ್ಷ ಡಾಲರ್ ಮನೆಗೆ 23,000 ಡಾಲರ್. ವಿಲ್ ಜಾರಿ ಮಾಡುವವರೂ ಅಷ್ಟೇ ಕೇಳಬಹುದು. ಮಜಾ ಏನೆಂದರೆ ಮನೆಯ ಮೇಲಿನ ಸಾಲವನ್ನು ಕಳೆಯದೆ ಲೆಕ್ಕ ಹಾಕುತ್ತಾರೆ. 7 ಲಕ್ಷ ಸಾಲ ಬಾಕಿ ಇದ್ದರೂ ಫೀಸು 10 ಲಕ್ಷಕ್ಕೇ. ಇದರಿಂದ ತಪ್ಪಿಸಿಕೊಳ್ಳಲು ಜನ ಲಿವಿಂಗ್ ಟ್ರಸ್ಟ್ ಮಾಡುತ್ತಾರೆ. ಬದುಕಿರುವವರೆಗೆ ನಾವೇ ಮಾಲೀಕ, ನಾವೇ ಟ್ರಸ್ಟಿ, ನಾವೇ ಫಲಾನುಭವಿ. ಬೇಡವಾದರೆ ಮುರಿಯಬಹುದು. ನಾವು ಹೋದ ಮೇಲೆ ಮೊದಲೇ ಹೆಸರಿಸಿದ ಇನ್ನೊಬ್ಬ ಟ್ರಸ್ಟಿ ಬಂದು ಕೂರುತ್ತಾನೆ, ಕೋರ್ಟಿಗೆ ಕೆಲಸವಿಲ್ಲ. ಇದರಿಂದ ತೆರಿಗೆ ಉಳಿಯುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ಮುರಿಯಬಹುದಾದ ಟ್ರಸ್ಟಿನಲ್ಲಿ ಅದು ಉಳಿಯುವುದಿಲ್ಲ.

ಇನ್ನೊಂದು. ಫೈಲು ಮಾಡಿಸಿ ಕಪಾಟಿನಲ್ಲಿಟ್ಟು, ಮನೆಯ ಪತ್ರವನ್ನು ಟ್ರಸ್ಟಿನ ಹೆಸರಿಗೆ ಬದಲಾಯಿಸಲು ಮರೆತವರು ನನಗೇ ಗೊತ್ತು. ಅವರ ಟ್ರಸ್ಟು ಖಾಲಿ ಕಣಜ. ನಿಮ್ಮ ಮಗನಿಗೆ ಇದನ್ನು ಕೇಳಿ ನೋಡಿ.

ಆದರೆ ಇಲ್ಲಿಯ ಕಾಗದ ಶಿರಸಿಯ ತೋಟಕ್ಕೆ ನಡೆಯುವುದಿಲ್ಲ. ನೆಲ ಎಲ್ಲಿದೆಯೋ ಅಲ್ಲಿಯ ಕಾನೂನು. ನೀವು ಅಲ್ಲೇ ಟ್ರಸ್ಟ್ ಮಾಡಿ ಮಗನನ್ನು ಫಲಾನುಭವಿ ಮಾಡಿದಿರೋ, ಅಮೆರಿಕದ ಲೆಕ್ಕದಲ್ಲಿ ಅದು ವಿದೇಶಿ ಟ್ರಸ್ಟ್. ಅದರಿಂದ ಬಂದ ಹಣವನ್ನು ಅವನು 3520 ಅನ್ನುವ ಫಾರಮಿನಲ್ಲಿ ತೋರಿಸಬೇಕು. ಮರೆತರೆ ದಂಡ 10,000 ಡಾಲರ್ ಅಥವಾ ಬಂದ ಹಣದ ಶೇ. 35, ಯಾವುದು ಜಾಸ್ತಿಯೋ ಅದು. ವಿಲ್ ಮೂಲಕ ನೇರವಾಗಿ ಬಂದರೆ ತಲೆನೋವು ಕಡಿಮೆ. ವರ್ಷಕ್ಕೆ 1 ಲಕ್ಷ ಡಾಲರ್ ದಾಟಿದರೆ ಅದೇ ಫಾರಮಿನಲ್ಲಿ ತಿಳಿಸಬೇಕು ನಿಜ, ಆದರೆ ಬಂದದ್ದಕ್ಕೆ ತೆರಿಗೆ ಇಲ್ಲ.

ಹಳೇ ಪಹಣಿ (ಕುಮಟಾ):

ಮೂವತ್ತು ವರ್ಷ ಪತ್ರ ಬರಹಗಾರನಾಗಿದ್ದೆ. ಈಗ ಕಣ್ಣು ಸರಿ ಇಲ್ಲ, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. ತಪ್ಪಿದ್ದರೆ ಅವಳದ್ದು.

ಬೇಣದಮನೆಯವರೇ, ಆ ಮಾಣಿ ಹೇಳಿದ ಪ್ರೊಬೇಟಿನ ಕಾಟ ನಮ್ಮ ಜಿಲ್ಲೆಯಲ್ಲಿ ಇಲ್ಲ. ಹಿಂದೂಗಳ ಮೃತ್ಯುಪತ್ರಕ್ಕೆ, ಅಂದರೆ ವಿಲ್ಲಿಗೆ, ಇಲ್ಲಿ ಪ್ರೊಬೇಟ್ ಕಡ್ಡಾಯವಲ್ಲ. ಪಿತ್ರಾರ್ಜಿತಕ್ಕೆ ತೆರಿಗೆಯೂ ಇಲ್ಲ, ಎಸ್ಟೇಟ್ ಡ್ಯೂಟಿ ಅಂತ ಇದ್ದದ್ದನ್ನು 1985ರಲ್ಲೇ ತೆಗೆದರು. ಹಾಗಾಗಿ ಮಗನ ಕಾಯಿಲೆಯ ಔಷಧ ನೀವು ಕುಡಿಯಬೇಕಾಗಿಲ್ಲ. ನಿಮ್ಮ ಕಾಯಿಲೆ ಪಹಣಿಯ 9ನೇ ಕಾಲಮ್ಮಿನಲ್ಲಿದೆ, ಮಾಲೀಕರ ಹೆಸರು ಇರುವಲ್ಲಿ.

ಟ್ರಸ್ಟ್ ಮಾಡಲಿಕ್ಕೆ ಬರುವುದಿಲ್ಲ ಅಂತಲ್ಲ. 1882ರ ಟ್ರಸ್ಟ್ ಕಾಯ್ದೆಯ ಕೆಳಗೆ ಕುಟುಂಬಕ್ಕಾಗಿ ಖಾಸಗಿ ಟ್ರಸ್ಟ್ ಮಾಡಬಹುದು. ದೇವಸ್ಥಾನದ್ದೇ ಆಗಬೇಕಿಲ್ಲ, ನಿಮ್ಮ ಹೆಂಡತಿಗೆ ಹೇಳಿ. ಭೂಮಿ ಸೇರಿಸಿದರೆ ಪತ್ರ ರಿಜಿಸ್ಟರ್ ಆಗಲೇಬೇಕು. ಮುಂದೆ ಮುರಿಯುವ ಹಕ್ಕು ಬೇಕಾದರೆ ಪತ್ರದಲ್ಲೇ ಬರೆದಿರಬೇಕು. ಬರೆಯದಿದ್ದರೆ ಫಲಾನುಭವಿಗಳೆಲ್ಲ ಒಪ್ಪಬೇಕಾಗುತ್ತದೆ. ಟ್ರಸ್ಟಿ ಯಾರು ಅನ್ನುವುದರ ಮೇಲೆ ಮುದ್ರಾಂಕ ಶುಲ್ಕವೂ ಬದಲಾಗುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕರಡು ತೋರಿಸಿ ಮೊದಲೇ ಲೆಕ್ಕ ಹಾಕಿಸಿ. ಮೊದಲೆಲ್ಲ ಕೃಷಿ ಭೂಮಿ, ಟ್ರಸ್ಟ್ ಅಂದ ಕೂಡಲೇ ಟ್ರಸ್ಟು ಕೃಷಿ ಭೂಮಿ ಇಟ್ಟುಕೊಳ್ಳುವ ಹಾಗಿಲ್ಲ ಅನ್ನುವ ಭೂ ಸುಧಾರಣೆ ಕಾಯ್ದೆಯ 79ಬಿ ಕಲಂ ತೋರಿಸಿ ಹೆದರಿಸುತ್ತಿದ್ದರು. 2020ರ ತಿದ್ದುಪಡಿಯಲ್ಲಿ ಅದನ್ನು ಕಿತ್ತರು.

ಆದರೆ ಟ್ರಸ್ಟಿಗೆ ನೀವು ಹಾಕುವುದು ಏನನ್ನು? ನಿಮ್ಮದಾಗಿರುವುದನ್ನು ಮಾತ್ರ ಹಾಕಬಹುದು. ಬೆಟ್ಟ ನಿಮ್ಮದಲ್ಲ. ಸೊಪ್ಪು, ದರಕು (ಒಣಗಿದ ಎಲೆ) ತರುವ ಸವಲತ್ತು ಮಾತ್ರ ನಿಮ್ಮದು, ಅದು ತೋಟದ ಬೆನ್ನಿಗೆ ಬರುತ್ತದೆ. ತೋಟದಿಂದ ಬಿಡಿಸಿ ಬೆಟ್ಟವನ್ನು ಒಬ್ಬರಿಗೆ ಬರೆಯಲು ಹೋಗಬೇಡಿ. ನಾನು ಅಂಥ ಪತ್ರಗಳನ್ನು ನೋಡಿದ್ದೇನೆ, ಕಾಗದ ದಂಡ.

ಇನ್ನು ಆ ಬಿಳಿ ಹಾಳೆ. ವರ್ದಿ ಕೊಟ್ಟು ಖಾತೆ ಬದಲಾದರೆ ಹಕ್ಕು ಬದಲಾಗುವುದಿಲ್ಲ. ಖಾತೆ ಇರುವುದು ಕಂದಾಯ ವಸೂಲಿಗೆ. ಅಕ್ಕಂದಿರು ಹಕ್ಕು ಬಿಡುವುದಾದರೆ ಬಿಡುಗಡೆ ಪತ್ರ ರಿಜಿಸ್ಟರ್ ಆಗಬೇಕಿತ್ತು. ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಅಂತ 2005ರಲ್ಲಿ ಕಾನೂನು ಬಂತು. ಆ ಹೊತ್ತಿಗೆ ಅಪ್ಪ ಬದುಕಿರಬೇಕಾಗಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ರಿಜಿಸ್ಟರ್ ಆದ ಪಾಲುಪತ್ರ ಇದ್ದರೆ ಆ ಮಾತು ಬೇರೆ. ಬರೀ ವರ್ದಿ ಇದ್ದರೆ ಅದರ ಮೇಲೆ ವಕೀಲರು ಹತ್ತು ವರ್ಷ ವಾದ ಮಾಡಬಲ್ಲರು.

ಕಡೆಯದ್ದು, ಮಗನ ವಿಷಯ. ಪ್ರೀತಿಯಿಂದ ಈಗಲೇ ಅವನಿಗೆ ತೋಟ ದಾನಪತ್ರ ಮಾಡಿಕೊಡುತ್ತೇನೆ ಅಂತ ಹೊರಡಬೇಡಿ. ಹೊರದೇಶದ ಪೌರತ್ವ ತೆಗೆದುಕೊಂಡವರು, ಅಲ್ಲೇ ನೆಲೆಸಿದವರು ಇಲ್ಲಿಯ ಕೃಷಿ ಭೂಮಿಯನ್ನು ಕೊಳ್ಳುವ ಹಾಗಿಲ್ಲ, ದಾನವಾಗಿ ಪಡೆಯುವ ಹಾಗೂ ಇಲ್ಲ. ಆದರೆ ವಾರಸಿನಿಂದ ಬರಬಹುದು, ಮೃತ್ಯುಪತ್ರದಿಂದಲೂ ಬರಬಹುದು. ನೀವು ಬದುಕಿದ್ದು ಕೊಟ್ಟರೆ ತಪ್ಪು, ಸತ್ತು ಕೊಟ್ಟರೆ ಸರಿ. ಮುಂದೆ ಅವನು ಮಾರುವುದಾದರೆ ಇಲ್ಲೇ ಇರುವ ಭಾರತೀಯರಿಗೇ ಮಾರಬೇಕು. ಹುಬ್ಬಳ್ಳಿಯ ಮಗಳಿಗೆ ಈ ತೊಡಕು ಯಾವುದೂ ಇಲ್ಲ.

ಗಂಗಾವಳಿ ದಂಡೆ (ಅಂಕೋಲಾ):

ದಾನಪತ್ರದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನನ್ನ ಅಪ್ಪ ಗದ್ದೆ, ಮನೆ ಎರಡನ್ನೂ ಅಣ್ಣನಿಗೆ ದಾನಪತ್ರ ಮಾಡಿಕೊಟ್ಟರು. "ಹೇಗೂ ಅವನೇ ನೋಡಿಕೊಳ್ಳುತ್ತಾನೆ" ಅಂದರು. ಎರಡು ವರ್ಷ ನೋಡಿಕೊಂಡ. ಮೂರನೇ ವರ್ಷ ಅಪ್ಪನ ಮಂಚ ಪಡಸಾಲೆಯಿಂದ ದನದ ಕೊಟ್ಟಿಗೆಯ ಪಕ್ಕದ ಚಾವಡಿಗೆ ಬಂತು. ಹಿರಿಯರ ರಕ್ಷಣೆಗೆ 2007ರ ಕಾಯ್ದೆ ಇದೆ, ನೋಡಿಕೊಳ್ಳದಿದ್ದರೆ ಅಂಥ ಪತ್ರವನ್ನು ರದ್ದು ಮಾಡಲು ಉಪವಿಭಾಗಾಧಿಕಾರಿಗಳ ಬಳಿ ಅರ್ಜಿ ಕೊಡಬಹುದು ಅಂತ ತಿಳಿದು ಹೋದೆವು. ಮೊದಲು ಕೇಳಿದ್ದೇ "ನೋಡಿಕೊಳ್ಳಬೇಕು ಅನ್ನುವ ಷರತ್ತು ಪತ್ರದಲ್ಲಿ ಎಲ್ಲಿದೆ?" ಅಂತ. ಎಲ್ಲಿಂದ ಬರಬೇಕು? ಅಪ್ಪ ಮಗನ ಹತ್ತಿರ ಷರತ್ತು ಹಾಕುವ ಜಾತಿಯವರಲ್ಲ. ಈಚೆಗೆ, 2025ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂತ ಹೇಳಿದೆ. ಅಪ್ಪ ಅಷ್ಟು ದಿನ ಇರಲಿಲ್ಲ.

ಇನ್ನೊಂದು ಮಾತು, ಸಿಟ್ಟು ಮಾಡ್ಕೋಬೇಡಿ. ಎಲ್ಲರೂ ಅಕ್ಕಂದಿರ ಸಹಿ, ಅಕ್ಕಂದಿರ ಸಹಿ ಅನ್ನುತ್ತಿದ್ದೀರಿ. ಸಹಿ ಸುಮ್ನೆ ಯಾಕೆ ಹಾಕಬೇಕು? 1999ರಲ್ಲಿ ಅವರಿಗೆ ಏನು ಕೊಟ್ಟಿರಿ?

ಬೇಣದಮನೆ (ಶಿರಸಿ):

ತಂಗಿ, ಸಿಟ್ಟು ಯಾಕೆ ಬರಬೇಕು. ಕೊಟ್ಟದ್ದು ತಲಾ ಒಂದು ಸೀರೆ ಮತ್ತು ಬಸ್ ಚಾರ್ಜು. ಬರೆಯಲು ನಾಚಿಕೆ ಆಗುತ್ತದೆ, ಆದರೆ ಅಷ್ಟೇ ಕೊಟ್ಟದ್ದು.

ನಾನು ಮೊದಲೇ ಹೇಳಬೇಕಾದ್ದನ್ನು ಹೇಳಿರಲಿಲ್ಲ. ತಮ್ಮನ ವಿಷಯ. ಅವನಿಗೆ ಈಗ 59. ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕಡಿಮೆ. ಕೆಲಸದಲ್ಲಿ ಚುರುಕು. ಮೆಟ್ಟುಗತ್ತಿಯ ಮುಂದೆ ಕೂತರೆ ಅಡಿಕೆ ಸುಲಿಯುವುದರಲ್ಲಿ ನಮ್ಮ ಊರಲ್ಲಿ ಅವನ ಸಮ ಇಲ್ಲ, ಒಂದಕ್ಕೂ ಗಾಯವಾಗುವುದಿಲ್ಲ. ದನ ಕೂಗಿದರೆ ಯಾವ ದನ ಅಂತ ಒಳಗಿಂದಲೇ ಹೇಳುತ್ತಾನೆ. ಆದರೆ ನೂರರ ನೋಟು, ಐನೂರರ ನೋಟು ಅವನಿಗೆ ಒಂದೇ. ಬಣ್ಣ ಚೆಂದ ಇದ್ದದ್ದನ್ನು ಇಟ್ಟುಕೊಳ್ಳುತ್ತಾನೆ.

ನಾನು, ನನ್ನ ಹೆಂಡತಿ ಇರುವವರೆಗೆ ತೊಂದರೆ ಇಲ್ಲ. ಆಮೇಲೆ? ಮಗ ಅಲ್ಲಿ, ಮಗಳಿಗೆ ಅವಳದ್ದೇ ಸಂಸಾರ. ರಾತ್ರಿ ನಿದ್ದೆ ಬಾರದೆ ಯೋಚಿಸುವುದು ಇದನ್ನೇ. ತೋಟದ ಮಾತು ಹಗಲು ಹೊತ್ತಿನ ಮಾತು.

ಹಳೇ ಪಹಣಿ (ಕುಮಟಾ):

ಇದನ್ನು ಮೊದಲು ಹೇಳಬೇಕಿತ್ತು ಮಾರಾಯರೆ. ಈಗ ಟ್ರಸ್ಟಿಗೆ ಅರ್ಥ ಬಂತು.

ಮೊದಲು ತಿಳಿದುಕೊಳ್ಳಿ, ನಿಮ್ಮ ತಮ್ಮ ನಿಮ್ಮ ಆಶ್ರಯದಲ್ಲಿ ಇರುವವನಷ್ಟೇ ಅಲ್ಲ, ಪಾಲುದಾರ. ಅವನ ಪಾಲನ್ನು ನೀವು ಯಾರಿಗೂ ಬರೆಯಲಾರಿರಿ. ಅವನೂ ಮೃತ್ಯುಪತ್ರ ಬರೆಯಲಾರ. ಅವನಿಗಿಂತ ಮೊದಲು ನೀವು ಹೋದರೆ, ಆಮೇಲೆ ಅವನ ಪಾಲು ಅಕ್ಕಂದಿರಿಗೆ ಹೋಗುತ್ತದೆ. ನಿಮ್ಮ ಮಕ್ಕಳಿಗೆ ಬರುವುದಿಲ್ಲ. ಮದುವೆ ಆಗದೆ ಹೋದ ಗಂಡಸಿಗೆ ತಂದೆ ತಾಯಿ ಇಲ್ಲದಿದ್ದರೆ ಅಣ್ಣತಮ್ಮ, ಅಕ್ಕತಂಗಿ ವಾರಸುದಾರರು. ಅವರಲ್ಲಿ ಒಬ್ಬರೂ ಇಲ್ಲದಾಗ ಮಾತ್ರ ಅಣ್ಣನ ಮಕ್ಕಳ ಸರದಿ. ಮನೆಯಲ್ಲಿ ಇದನ್ನು ಈಗಲೇ ಮಾತಾಡಿಕೊಳ್ಳಿ.

ಅವನ ಪರವಾಗಿ ಸಹಿ ಹಾಕಲು ಕಾನೂನಿನ ಪೋಷಕರು ಬೇಕು. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ ಇಂಥವರಿಗಾಗಿಯೇ ಇದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ ಪೋಷಕರನ್ನು ನೇಮಿಸುತ್ತದೆ. ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಬರಬೇಕಾದೀತು, ದಾರಿಯಲ್ಲಿ ನಮ್ಮ ಮನೆ ಸಿಗುತ್ತದೆ, ಊಟಕ್ಕೆ ಬನ್ನಿ. ಪೋಷಕರಾದವರು ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಕೊಡಬೇಕು. ನೀವು ಅಥವಾ ಮಗಳು ಆಗಬಹುದು.

ಇನ್ನು ನಿಮ್ಮ ಪಾಲು. ಬದುಕಿರುವಾಗಲೇ ತೋಟವನ್ನು ಟ್ರಸ್ಟಿಗೆ ಹಾಕುವ ಬದಲು ಮೃತ್ಯುಪತ್ರದ ಒಳಗೇ ಟ್ರಸ್ಟ್ ಬರೆಯಬಹುದು. "ನನ್ನ ನಂತರ ಇಷ್ಟು ಠೇವಣಿ, ತೋಟದ ಇಷ್ಟು ಉತ್ಪನ್ನ ತಮ್ಮನ ಊಟ, ಬಟ್ಟೆ, ಔಷಧ, ನೋಡಿಕೊಳ್ಳುವವರ ಸಂಬಳಕ್ಕೆ. ಅವನ ನಂತರ ಉಳಿದದ್ದು ಇಂಥವರಿಗೆ" ಅಂತ. ನೀವು ಇರುವವರೆಗೆ ಒಂದು ಎಲೆಯೂ ಅಲ್ಲಾಡುವುದಿಲ್ಲ, ಮನಸ್ಸು ಬದಲಾದರೆ ಹೊಸದಾಗಿ ಬರೆಯಬಹುದು. ಸಾಮಾನ್ಯವಾಗಿ ಇಂಥ ಟ್ರಸ್ಟಿನ ಆದಾಯಕ್ಕೆ, ಹಂಚುವುದು ಟ್ರಸ್ಟಿಯ ಇಷ್ಟಕ್ಕೆ ಬಿಟ್ಟಿದ್ದರೆ, ಮೇಲಿನ ದರದ ತೆರಿಗೆ ಬೀಳುತ್ತದೆ. ಆದರೆ ಆಶ್ರಯದಲ್ಲಿರುವ ಸಂಬಂಧಿಕರಿಗಾಗಿಯೇ ಮೃತ್ಯುಪತ್ರದಲ್ಲಿ ಮಾಡಿದ ಒಂದೇ ಒಂದು ಟ್ರಸ್ಟ್ ಆದರೆ ಸಾಮಾನ್ಯ ದರ. ಹೀಗಾಗಿ ಎರಡು ಮೂರು ಟ್ರಸ್ಟ್ ಮಾಡಿ ಕೆಡಿಸಿಕೊಳ್ಳಬೇಡಿ.

ಮೃತ್ಯುಪತ್ರಕ್ಕೆ ಛಾಪಾ ಕಾಗದ ಬೇಡ. ರಿಜಿಸ್ಟರ್ ಕಡ್ಡಾಯವಲ್ಲ, ಆದರೂ ಮಾಡಿಸಿ. ನಿಮ್ಮ ಸಹಿಗೆ ಇಬ್ಬರು ಸಾಕ್ಷಿ ಬೇಕು. ಆಸ್ತಿ ಪಡೆಯುವವರು ಸಾಕ್ಷಿ ಹಾಕುವುದು ಬೇಡ. ನಿಮ್ಮ ವಾರಿಗೆಯವರೂ ಬೇಡ. ನಾನು ಬರೆದ ಒಂದು ಪತ್ರಕ್ಕೆ ಯಜಮಾನರ ಇಸ್ಪೀಟು ಬಳಗದವರೇ ಇಬ್ಬರು ಸಾಕ್ಷಿ ಹಾಕಿದ್ದರು. ಪತ್ರ ಹೊರಗೆ ಬರುವ ಹೊತ್ತಿಗೆ ಮೂವರೂ ಮೇಲೆ ಆಡುತ್ತಿದ್ದರು.

ಬೇ ಏರಿಯಾ ಮಾಣಿ:

ಟ್ರಸ್ಟಿ ಮಗಳೇ ಆಗಲಿ ಮಾವಾ, ಜೊತೆಗೆ ಊರಲ್ಲೇ ಇರುವ ಇನ್ನೊಬ್ಬರು. ಮಗನ ಹೆಸರು ಹಾಕಿದರೆ ಪ್ರತಿ ಸಹಿಗೂ ಇಲ್ಲಿಂದ ಕಾಗದ ಬರಬೇಕು. ಸೊಸೈಟಿ ಠೇವಣಿಗೆ ಯಾರನ್ನು ನಾಮಿನಿ ಮಾಡಿದ್ದೀರಿ ಅಂತಲೂ ನೋಡಿ. ನಾಮಿನಿ ಅಂದರೆ ಹಣ ಕೈಗೆ ತೆಗೆದುಕೊಳ್ಳುವವನು ಅಷ್ಟೇ, ಮಾಲೀಕ ಅಲ್ಲ. ವಿಲ್ ಒಂದು ಹೇಳಿ ನಾಮಿನೇಶನ್ ಇನ್ನೊಂದು ಹೇಳಿದರೆ ಸುಮ್ನೆ ಜಗಳ.

ಬೇಣದಮನೆ (ಶಿರಸಿ):

ಮೂರು ವಾರ ಆಯಿತು, ಏನಾಯಿತು ಅಂತ ಬರೆಯುತ್ತೇನೆ ಅಂದುಕೊಂಡಿದ್ದೆ.

ಮಗನಿಗೆ ಫೋನ್ ಮಾಡಿ ಕೇಳಿದೆ, ಮನೆಯ ಪತ್ರ ಟ್ರಸ್ಟಿನ ಹೆಸರಿಗೆ ಆಗಿದೆಯೋ ಅಂತ. ಒಂದು ನಿಮಿಷ ಸುಮ್ಮನಿದ್ದ. "ನೋಡಿ ಹೇಳ್ತೇನೆ ಅಪ್ಪಯ್ಯ" ಅಂದ. ಮಾಣಿ, ನಿನಗೆ ಪುಣ್ಯ ಬರಲಿ.

ಆಯಿಯ ಪೌತಿಗೆ ಹೊಸ ಅರ್ಜಿ ಕೊಟ್ಟೆ. ಈ ಸಲ ಸ್ವೀಕೃತಿ ಚೀಟಿಯನ್ನು ಮೂರು ಪ್ರತಿ ಮಾಡಿಸಿ, ಒಂದನ್ನು ಮಗಳಿಗೂ ಕಳಿಸಿದ್ದೇನೆ. ಪಹಣಿಯ 11ನೇ ಕಾಲಮ್ಮಿನಲ್ಲಿ ಹಳೇ ಬೆಳೆಸಾಲದ ಬೋಜಾ (ಸಾಲದ ನಮೂದು) ಇನ್ನೂ ಕಾಣುತ್ತಿತ್ತು, ಸಾಲ ತೀರಿ ನಾಲ್ಕು ವರ್ಷವಾಗಿದೆ. ಅದನ್ನು ತೆಗೆಸಲು ಸೊಸೈಟಿಯಿಂದ ಪತ್ರ ತಂದಿದ್ದೇನೆ.

ಅಕ್ಕಂದಿರು ಚೌತಿಗೆ ಬಂದಿದ್ದರು. ಊಟ ಆದ ಮೇಲೆ ಕವಳ ಹಾಕುತ್ತಾ ಎಲ್ಲ ಹೇಳಿದೆ, ಸೀರೆಯ ಮಾತನ್ನೂ ಹೇಳಿದೆ. ಈ ವರ್ಷದ ಮತ್ತು ಬರುವ ವರ್ಷದ ಅಡಿಕೆ ದುಡ್ಡಿನಲ್ಲಿ ಇಷ್ಟಿಷ್ಟು ಕೊಡುತ್ತೇನೆ, ಒಪ್ಪಿಗೆ ಇದ್ದರೆ ಬಿಡುಗಡೆ ಪತ್ರ, ಇಲ್ಲದಿದ್ದರೆ ಪಾಲೇ ಆಗಲಿ ಅಂದೆ. ದೊಡ್ಡಕ್ಕ ಒಪ್ಪಿದಳು. ಸಣ್ಣಕ್ಕ ಮಾತಾಡಲಿಲ್ಲ. ಎದ್ದು ಹೋಗಿ ಕೊಟ್ಟಿಗೆಯ ಹತ್ತಿರ ತಮ್ಮನ ಪಕ್ಕ ಕೂತಳು. ಅವನು ಹೊಸ ಕರುವಿನ ಹೆಸರು ಹೇಳುತ್ತಿದ್ದ. ಸಂಜೆ ಬಸ್ಸಿಗೆ ಹೊರಡುವಾಗ ಅಂದಳು, "ದುಡ್ಡು ಅವನ ಹೆಸರಿಗೆ ಇಡು, ನನಗೆ ಬೇಡ. ಸಹಿ ಹಾಕುತ್ತೇನೆ. ಆದರೆ ಹಳ್ಳದ ಅಂಚಿನ ಅಪ್ಪೆಮಾವಿನ ಮರ ಇದೆಯಲ್ಲ, ನಾನು ಇರುವವರೆಗೆ ಅದರ ಮಿಡಿ ವರ್ಷಕ್ಕೆ ಒಂದು ಬುಟ್ಟಿ ನನಗೆ ಬರಬೇಕು. ಬಾಯಿಮಾತು ಬೇಡ, ಬರೆದು ಕೊಡು."

ಹಳೇ ಪಹಣಿಯವರೇ, ಇದನ್ನು ಮೃತ್ಯುಪತ್ರದಲ್ಲಿ ಬರೆಯಲು ಬರುತ್ತದಾ?

ಹಳೇ ಪಹಣಿ (ಕುಮಟಾ):

ಬರುತ್ತದೆ. ಮರ ಎಲ್ಲಿದೆ ಅಂತ ಸರ್ವೆ ನಂಬರಿನ ಜೊತೆ ಬರೆಯಿರಿ. ಬುಟ್ಟಿ ಅಂತ ಬರೆಯಬೇಡಿ, ಬುಟ್ಟಿ ಚಿಕ್ಕದಾಗುತ್ತಾ ಹೋಗುತ್ತದೆ. ಮಿಡಿ ಎಣಿಸಿ ಬರೆಯಿರಿ.